ಮೂಗು ತೋಳದ್ದು, ಕಣ್ಣು ಮಾತ್ರ ನಮ್ಮ ಮೇಲೆ

ಹಬ್ಬಕ್ಕೆ ಅಂತ ಊರಿಗೆ ಹೋಗಿದ್ದೆ. ಆರು ತಿಂಗಳ ಹಿಂದೆ ನಮ್ಮ ಬೀದಿಯ ಮನೆಯೊಂದರಲ್ಲಿ ಕಳ್ಳತನ ಆಗಿ ಪೊಲೀಸ್ ನಾಯಿ ಬಂದಿತ್ತಂತೆ. ಬಾಗಿಲ ಹತ್ತಿರ ಮೂಸಿ, ಎರಡು ಬೀದಿ ಓಡಿ, ಗಾರೆ ಕೆಲಸದವನೊಬ್ಬನ ಮನೆ ಮುಂದೆ ನಿಂತಿತಂತೆ. ಅಷ್ಟೇ. ಪೊಲೀಸರು ಅವನನ್ನು ವಿಚಾರಿಸಿ ಸಂಜೆಗೇ ಬಿಟ್ಟು ಕಳಿಸಿದರು. ಊರು ಮಾತ್ರ ಇನ್ನೂ ಬಿಟ್ಟಿಲ್ಲ. ನಮ್ಮೂರಲ್ಲಿ ಅವನಿಗೆ ಈಗ ಯಾರೂ ಕೆಲಸ ಕೊಡುವುದಿಲ್ಲ.

"ಮನುಷ್ಯ ಸುಳ್ಳು ಹೇಳಬಹುದು ಕಣೋ, ನಾಯಿಗೇನು ಅವನ ಮೇಲೆ ದ್ವೇಷವಾ?" ಅಂದರು ಚಿಕ್ಕಪ್ಪ. ಕಳ್ಳತನದ ಹಿಂದಿನ ವಾರ ಅವನು ಅದೇ ಮನೆಯ ಜಗಲಿಗೆ ಸಿಮೆಂಟ್ ಹಾಕಿದ್ದ ಅನ್ನುವುದು ಯಾರಿಗೂ ಮುಖ್ಯ ಅನ್ನಿಸಿಲ್ಲ!

ಅಲ್ಲಾ ಸ್ವಾಮಿ, ನಾಯಿಯ ಮೂಗನ್ನು ನಾನು ಅನುಮಾನಿಸುತ್ತಿಲ್ಲ. ನಮ್ಮಲ್ಲಿ ವಾಸನೆ ಹಿಡಿಯುವ ಗ್ರಾಹಕಗಳ ಜೀನ್ ಸುಮಾರು 400 ಕೆಲಸ ಮಾಡುತ್ತವೆ, ನಾಯಿಯಲ್ಲಿ ಸುಮಾರು 800. ಅದು ಉಸಿರು ಬಿಡುವಾಗ ಗಾಳಿ ಹೊಳ್ಳೆಯ ಪಕ್ಕದ ಸೀಳಿನಿಂದ ಹೊರಗೆ ಹೋಗುತ್ತದೆ, ಹಾಗಾಗಿ ಎದುರಿನ ವಾಸನೆ ಚೆದುರುವುದಿಲ್ಲ. ನಡೆದುಹೋದವನು ಯಾವ ದಿಕ್ಕಿಗೆ ಹೋದ ಅಂತ ತಿಳಿಯಲು ತರಬೇತಾದ ನಾಯಿಗೆ ಐದು ಹೆಜ್ಜೆ ಸಾಕು ಅಂತ 2005ರ ಪ್ರಯೋಗವೊಂದು ತೋರಿಸಿದೆ. 2011ರಲ್ಲಿ ಝೆಕ್ ದೇಶದ 10 ಪೊಲೀಸ್ ಜರ್ಮನ್ ಶೆಫರ್ಡ್‌ಗಳು ಒಂದೇ ಮನೆಯಲ್ಲಿದ್ದು ಒಂದೇ ಊಟ ಮಾಡುವ ತದ್ರೂಪಿ ಅವಳಿಗಳನ್ನು ಕೂಡ ವಾಸನೆಯಿಂದಲೇ ಬೇರ್ಪಡಿಸಿದವು. ಎಷ್ಟು ಹೊಗಳಿದರೂ ಕಡಿಮೆಯೇ.

ಆದರೆ ಅದೇ 2011ರಲ್ಲಿ ಇನ್ನೊಂದು ಪ್ರಯೋಗವೂ ಪ್ರಕಟವಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಲೀಸಾ ಲಿಟ್ ಮತ್ತು ತಂಡದ್ದು. ಮಾದಕವಸ್ತು, ಸ್ಫೋಟಕ ಹುಡುಕುವ 18 ನಾಯಿಗಳನ್ನು ಅವುಗಳ ಹ್ಯಾಂಡ್ಲರ್‌ಗಳ ಜೊತೆ ಒಂದು ಚರ್ಚಿನ ಕೋಣೆಗಳಿಗೆ ಬಿಟ್ಟರು. ವಸ್ತು ಇರಬಹುದು, ಕೆಂಪು ಕಾಗದ ಅಂಟಿಸಿದ್ದರೆ ಅಲ್ಲೇ ಇದೆ ಅಂತ ಹ್ಯಾಂಡ್ಲರ್‌ಗಳಿಗೆ ಹೇಳಿದ್ದರು. ನಿಜದಲ್ಲಿ ಯಾವ ಕೋಣೆಯಲ್ಲೂ ಏನೂ ಇರಲಿಲ್ಲ! ಆದರೂ ಬಂದ ಸಂಜ್ಞೆಗಳು 225. 144 ಸುತ್ತುಗಳಲ್ಲಿ ಒಂದೂ ತಪ್ಪು ಸಂಜ್ಞೆ ಇಲ್ಲದೆ ಮುಗಿದವು ಬರೀ 21. ಕೆಂಪು ಕಾಗದ ಇದ್ದ ಜಾಗದಲ್ಲಂತೂ ಸಂಜ್ಞೆಗಳು ಹೆಚ್ಚು. ನಾಯಿಯೇ ಕೂತಿತೋ, ಹ್ಯಾಂಡ್ಲರ್‌ಗೆ ಕೂತಂತೆ ಅನ್ನಿಸಿತೋ, ಎರಡರಲ್ಲಿ ಯಾವುದಾದರೂ ಫಲಿತಾಂಶ ಒಂದೇ. ಇಲ್ಲದ ವಸ್ತು ಸಿಕ್ಕಿಬಿಟ್ಟಿತು.

ಯಾಕೆ ಹೀಗೆ? ಉತ್ತರಕ್ಕೆ ತೋಳವನ್ನು ಕೇಳಬೇಕು. ಹಂಗೇರಿಯ ಆಡಮ್ ಮಿಕ್ಲೋಶಿ ತಂಡ 2003ರಲ್ಲಿ ಮನುಷ್ಯರೇ ಸಾಕಿ ಬೆಳೆಸಿದ ತೋಳಗಳನ್ನೂ ನಾಯಿಗಳನ್ನೂ ಪರೀಕ್ಷಿಸಿತು. ಮೊದಲು ಮಾಂಸ ತೆಗೆದುಕೊಳ್ಳುವುದನ್ನು ಕಲಿಸಿ, ಆಮೇಲೆ ಏನು ಮಾಡಿದರೂ ಅದು ಸಿಗದ ಹಾಗೆ ಮಾಡಿದರು. ನಾಯಿಗಳು ಬೇಗನೆ ತಿರುಗಿ ಹಿಂದೆ ನಿಂತ ಮನುಷ್ಯನ ಮುಖ ನೋಡಿದವು. ತೋಳಗಳು ಹೆಚ್ಚಾಗಿ ತಮ್ಮ ಪಾಡಿಗೆ ತಾವು ಪ್ರಯತ್ನ ಮುಂದುವರಿಸಿದವು. ತೋಳ ಯಾರನ್ನೂ ಮೆಚ್ಚಿಸಬೇಕಿಲ್ಲ, ಅದರ ಮೂಗು ತಪ್ಪಿದರೆ ಅದೇ ಉಪವಾಸ. ನಾಯಿ ಹಾಗಲ್ಲ. ಮೂಗು ತೋಳದಿಂದ ಬಂದಿದೆ, ಆದರೆ ಸಾವಿರಾರು ವರ್ಷ ನಮ್ಮ ಜೊತೆ ಬದುಕಿ ಕಣ್ಣು ನಮ್ಮ ಮುಖದ ಮೇಲೆ ನೆಟ್ಟಿದೆ. ಯಜಮಾನ ಎಲ್ಲಿ ನಿಧಾನ ಮಾಡಿದ, ಎಲ್ಲಿ ಹಗ್ಗ ಬಿಗಿಯಾಯಿತು, ಜನ ಯಾವ ಮನೆ ಕಡೆ ನೋಡುತ್ತಿದ್ದಾರೆ, ಎಲ್ಲವೂ ಅದಕ್ಕೆ ಸುಳಿವೇ. ನಾಯಿ ಸುಳ್ಳು ಹೇಳುವುದಿಲ್ಲ, ಒಪ್ಪಿದೆ. ಆದರೆ ನಮ್ಮ ಮನಸ್ಸಿನ ಅನುಮಾನವನ್ನೇ ನಮಗೆ ವಾಪಸ್ ಹೇಳಬಹುದಲ್ಲ?

ನಮ್ಮ ಫೀಲ್ಡಿನವರಿಗೆ ಇದು ಹೊಸದೇನಲ್ಲ. ನಾನು ಬರೆದ ಕೋಡನ್ನು ನಾನೇ ಟೆಸ್ಟ್ ಮಾಡಿದರೆ ಯಾವಾಗಲೂ ಪಾಸ್! ಅದಕ್ಕೇ ಬೇರೆಯವರ ಕೈಗೆ ಕೊಡುವುದು. ನಾಯಿಯ ವಿಷಯದಲ್ಲೂ ಅಷ್ಟೇ. ಶಂಕಿತ ಯಾರು ಅಂತ ಹಗ್ಗ ಹಿಡಿದವನಿಗೆ ಗೊತ್ತಿರಬಾರದು. ಸುತ್ತ ಊರ ಜನ ಸೇರಬಾರದು. ಏನೂ ಇಲ್ಲದ ಕಡೆಯೂ ಆಗಾಗ ಬಿಟ್ಟು, ಎಷ್ಟು ಸಲ ತಪ್ಪಿತು ಅಂತ ಲೆಕ್ಕ ಇಡಬೇಕು. ನಾಯಿ ಹಿಡಿದ ಕಳ್ಳರ ಸುದ್ದಿ ಪೇಪರಿನಲ್ಲಿ ಫೋಟೋ ಸಮೇತ ಬರುತ್ತದೆ. ನಾಯಿ ತಪ್ಪಾಗಿ ನಿಂತ ಮನೆಗಳ ಪಟ್ಟಿಯನ್ನು ನೀವು ಯಾರಾದರೂ ನೋಡಿದ್ದೀರಾ?

ಹೋಗಲಿ, ನನ್ನ ಮಾತು ಬೇಡ. ಅಸ್ಸಾಮಿನ ಒಂದು ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ, ತನಿಖೆಗೆ ನಾಯಿಯ ಸಹಾಯ ಪಡೆಯಬಹುದು, ಆದರೆ ಅಪರಾಧ ಸಾಬೀತು ಮಾಡಲು ಅದನ್ನು ಸಾಕ್ಷ್ಯ ಅಂತ ಬಳಸುವಂತಿಲ್ಲ ಅಂತ. ನಾಯಿಯನ್ನು ಪಾಟೀಸವಾಲು ಮಾಡಲು ಆಗುತ್ತದೆಯೇ? ಅದು ನಿಂತದ್ದು ಕಳ್ಳನ ವಾಸನೆಗೋ, ಹೋದ ವಾರದ ಸಿಮೆಂಟ್ ಕೆಲಸದವನ ವಾಸನೆಗೋ, ಅಂಗಳದಲ್ಲಿ ಯಾರೋ ಹುರಿಯುತ್ತಿದ್ದ ಮೀನಿಗೋ, ಯಾರು ಹೇಳಬೇಕು?

ಕೋರ್ಟು ಕೇಳದ ಸಾಕ್ಷಿಯನ್ನು ಊರು ಕೇಳಿ ತೀರ್ಪನ್ನೂ ಕೊಟ್ಟಾಯಿತು. ಮೇಲ್ಮನವಿಗೂ ಅವಕಾಶ ಇಲ್ಲ. ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ. "ನೀನು ಬೆಂಗಳೂರು ಸೇರಿ ಜಾಸ್ತಿ ಓದಿದೀಯ" ಅಂದರು. ಇರಬಹುದು. ಆದರೆ ಮನೆಯ ಹಿತ್ತಲ ಗೋಡೆ ಈ ಮಳೆಗೆ ಬಿದ್ದಿದೆ, ಕಟ್ಟಿಸಬೇಕು. ಅಪ್ಪನಿಗೆ ಹೇಳಿಬಂದಿದ್ದೇನೆ, ಅವನನ್ನೇ ಕರೆಸಿ ಅಂತ. ದುಡ್ಡು ನಾನು ಕಳಿಸುತ್ತೇನೆ. ಅಪ್ಪ ಇನ್ನೂ "ನೋಡೋಣ" ಅನ್ನುತ್ತಿದ್ದಾರೆ.