ಹಿಮದ ಗುರುತು, ಮಂಜುಗಡ್ಡೆಯ ಲೆಕ್ಕ

ತೆರಿಗೆ ಮತ್ತು ಲೆಕ್ಕಪತ್ರಗಳ ವಿಚಾರ ಬರೆಯಬೇಕಾದವನು ಕಾರಿನ ಟೈರಿನ ಬಗ್ಗೆ, ಅದರಲ್ಲಿಯೂ ನಮ್ಮ ಕಡೆ ಬಳಕೆಯೇ ಇಲ್ಲದ ಚಳಿಗಾಲದ ಟೈರಿನ ಬಗ್ಗೆ ಬರೆಯಲು ಹೊರಟಿರುವುದನ್ನು ಕಂಡು ಸದಸ್ಯ ಮಿತ್ರರು ಹುಬ್ಬೇರಿಸಬಹುದು. ಆದರೆ ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಲ್ಲಿ ಬಿಡಿಭಾಗಗಳ ಬೇಡಿಕೆಯನ್ನು ಅರಸಿಕೊಂಡು ಜರ್ಮನಿಗೆ ಹೋಗಿಬರುವವರಿದ್ದಾರೆ. ಅಲ್ಲಿ ಬಾಡಿಗೆ ಕಾರು ಪಡೆದು ತಾವೇ ಓಡಿಸುವವರೂ ಇದ್ದಾರೆ. ಮಕ್ಕಳು ಅಲ್ಲಿಯೇ ನೆಲೆಸಿ ಕಾರು ಕೊಂಡಿರುವ ತಂದೆತಾಯಿಯರಂತೂ ಪ್ರತಿ ಸಭೆಯಲ್ಲಿಯೂ ಸಿಗುತ್ತಾರೆ. ಅಂಥವರಿಗೆ ಇದು ದುಡ್ಡಿನ ವಿಷಯವೂ ಹೌದು, ಜೀವದ ವಿಷಯವೂ ಹೌದು.

ಕಳೆದ ಜನವರಿಯಲ್ಲಿ ನನ್ನಲ್ಲಿ ಲೆಕ್ಕ ನೋಡಿಸುವ ಪೀಣ್ಯದ ಉದ್ಯಮಿಯೊಬ್ಬರೊಡನೆ ಸ್ಟಟ್‌ಗಾರ್ಟಿಗೆ ಹೋಗಿದ್ದೆನು. ಅವರ ಮಗಳು ಅಲ್ಲಿ ಎಂಜಿನಿಯರ್ ಆಗಿದ್ದಾಳೆ. ಬ್ಲ್ಯಾಕ್ ಫಾರೆಸ್ಟ್ ಎಂಬ ಬೆಟ್ಟಸೀಮೆಯ ಫ್ರಾಯ್ಡನ್‌ಸ್ಟಾಟ್ ಸಮೀಪದ ಕಾರ್ಖಾನೆಯೊಂದಕ್ಕೆ ಇವರು ತಯಾರಿಸಿದ ಬಿಡಿಭಾಗಗಳ ದರಪಟ್ಟಿಯನ್ನು ಒಪ್ಪಿಸಿ, ವೆಚ್ಚದ ವಿವರವನ್ನು ತಿಳಿಸುವುದು ನಮ್ಮ ಕೆಲಸ. ಬಾಡಿಗೆ ಕಾರಿನಲ್ಲಿ ಹೊರಟೆವು. ಘಟ್ಟ ಹತ್ತುವಾಗ ಹಿಮ ಬೀಳುತ್ತಿತ್ತು. ರಸ್ತೆಯೆಲ್ಲ ಬೆಳ್ಳಗಾಗಿತ್ತು. ಕಾರು ಮಾತ್ರ ನಮ್ಮ ಚಾರ್ಮಾಡಿಯನ್ನು ಬೇಸಿಗೆಯಲ್ಲಿ ಹತ್ತಿದಷ್ಟು ಸಲೀಸಾಗಿ ಹತ್ತಿತು. ನನ್ನ ಮಿತ್ರರು ಟೈರನ್ನು ಹೊಗಳಿದರು.

ಮರುದಿನ ಬೆಳಿಗ್ಗೆ ಹಿಮ ಬೀಳುತ್ತಿರಲಿಲ್ಲ. ರಸ್ತೆ ಕಪ್ಪಗೆ, ಸುಮ್ಮನೆ ಒದ್ದೆಯಾದಂತೆ ಕಾಣುತ್ತಿತ್ತು. ಸಣ್ಣ ಸೇತುವೆಯೊಂದರ ಮೇಲೆ ಸುಮಾರು 40 ಕಿ.ಮೀ. ವೇಗದಲ್ಲಿದ್ದಾಗ ಬ್ರೇಕು ಒತ್ತಿದರು. ಪೆಡಲು ಕಟಕಟನೆ ನಡುಗಿತು, ಆದರೆ ಕಾರು ನಿಲ್ಲಲಿಲ್ಲ. ಜಾರಿಕೊಂಡು ಹೋಗಿ ಪಕ್ಕದ ಕಬ್ಬಿಣದ ತಡೆಗೆ ತಾಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ ಎಂಬುದೊಂದೇ ಸಮಾಧಾನ. ನಾವು ಕಾರ್ಖಾನೆಯನ್ನು ಮುಟ್ಟುವ ವೇಳೆಗೆ ಎರಡು ಗಂಟೆ ತಡವಾಗಿ, ಮಾತನಾಡಬೇಕಾದ ಅಧಿಕಾರಿ ಬೇರೆ ಊರಿಗೆ ಹೊರಟುಹೋಗಿದ್ದರು. ಮುಂದೆ ಪತ್ರ ವ್ಯವಹಾರದಲ್ಲಿ ಕುದುರಿದ ಬೇಡಿಕೆ ನಿರೀಕ್ಷಿಸಿದ್ದರ ಅರ್ಧದಷ್ಟು. ಬಾಡಿಗೆ ಸಂಸ್ಥೆಯವರು ವಿಮೆಯಲ್ಲಿ ನಮ್ಮ ಪಾಲಿನ ಮೊತ್ತವನ್ನು ಕಡಿತಮಾಡಿಕೊಂಡರು.

"ಆಡಿಟರೇ, ಟೈರಿನ ಮೇಲೆ ಹಿಮದ ಗುರುತು ಇತ್ತಲ್ಲ, ಇದು ಮೋಸವಲ್ಲವೇ?" ಎಂದು ಅವರು ಕೇಳಿದರು. ಮೋಸವಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರಮಾಣಪತ್ರವು ಯಾವುದನ್ನು ಪ್ರಮಾಣೀಕರಿಸಿದೆ ಎಂಬುದನ್ನು ನಾವು ಓದಿರಲಿಲ್ಲ, ಅಷ್ಟೆ.

ಟೈರಿನ ಪಕ್ಕದಲ್ಲಿ ಎರಡು ಬಗೆಯ ಗುರುತುಗಳಿರುತ್ತವೆ. 'ಎಂ+ಎಸ್' ಎಂಬುದು ಕೆಸರು ಮತ್ತು ಹಿಮ ಎಂಬುದರ ಸಂಕ್ಷೇಪ. ಇದಕ್ಕೆ ಯಾವ ಪರೀಕ್ಷೆಯೂ ಬೇಕಿಲ್ಲ. ಟ್ರೆಡ್ಡಿನ ವಿನ್ಯಾಸ ಹಾಗಿದೆಯೆಂದು ತಯಾರಕರೇ ಹಾಕಿಕೊಳ್ಳುವ ಗುರುತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಲೆಕ್ಕಪರಿಶೋಧನೆಯಾಗದ ಸ್ವಯಂಘೋಷಣೆ. ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳನ್ನು ಬಿಡಿಸಿರುವ ಎರಡನೆಯ ಗುರುತು ಹಾಗಲ್ಲ. 1999ರಲ್ಲಿ ಅಮೆರಿಕ ಮತ್ತು ಕೆನಡಾದ ಟೈರು ತಯಾರಕರ ಸಂಘಗಳು ಇದನ್ನು ಜಾರಿಗೆ ತಂದವು. ಒತ್ತಿ ಗಟ್ಟಿಮಾಡಿದ ಹಿಮದ ಮೇಲೆ, ನಿಗದಿತ ಮಾದರಿ ಟೈರಿಗೆ ಹೋಲಿಸಿ ಪರೀಕ್ಷಿಸಿದಾಗ ನಿಗದಿತ ಪ್ರಮಾಣದಷ್ಟು ಹೆಚ್ಚು ಹಿಡಿತ ತೋರಿದರೆ ಮಾತ್ರ ಈ ಗುರುತು. ಜರ್ಮನಿಯಲ್ಲಿ 2018ರಿಂದ ತಯಾರಾದ ಟೈರುಗಳಿಗೆ ಇದು ಇದ್ದರೆ ಮಾತ್ರ ಚಳಿಗಾಲದ ಟೈರೆಂಬ ಮಾನ್ಯತೆ. ಹಳೆಯ 'ಎಂ+ಎಸ್' ಟೈರುಗಳಿಗೆ ಕೊಟ್ಟಿದ್ದ ಅವಕಾಶ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು.

ಗಮನಿಸಬೇಕಾದ ಸಂಗತಿಯೆಂದರೆ, ಪರೀಕ್ಷೆ ನಡೆದದ್ದು ಹಿಮದ ಮೇಲೆ. ಮಂಜುಗಡ್ಡೆ ಆ ಪರಿಶೋಧನೆಯ ವ್ಯಾಪ್ತಿಯಲ್ಲಿಯೇ ಇಲ್ಲ. ನಮ್ಮ ವರದಿಗಳಲ್ಲಿ 'ನಾವು ಪರಿಶೀಲಿಸಿದ ಮಟ್ಟಿಗೆ' ಎಂದು ಬರೆದಿರುತ್ತೇವೆ. ಸಾಲ ಕೊಡುವವರು ಅದನ್ನು ದಾಟಿ ಓದಿಬಿಡುತ್ತಾರೆ. ಟೈರಿನ ವಿಷಯದಲ್ಲಿ ನಾವೂ ಹಾಗೆಯೇ ಓದಿದ್ದೆವು.

ಹಿಮ ಬೇರೆ, ಮಂಜುಗಡ್ಡೆ ಬೇರೆ. ಚಳಿಗಾಲದ ಟೈರಿನ ರಬ್ಬರು ಚಳಿಯಲ್ಲಿಯೂ ಮೆತ್ತಗೆ ಉಳಿಯುವಂತೆ ಅದರ ಮಿಶ್ರಣವನ್ನು ಮಾಡಿರುತ್ತಾರೆ. ಬೇಸಿಗೆಯ ಟೈರು ತಾಪಮಾನ ಇಳಿದಂತೆ ಗಡಸಾಗುತ್ತದೆ. 7 ಡಿಗ್ರಿಯ ಕೆಳಗೆ ಟೈರು ಬದಲಿಸಿ ಎಂಬ ಮಾತು ಪ್ರಚಾರದಲ್ಲಿದೆ. ಅದು ಅಂದಾಜಿನ ಸೂತ್ರವೇ ಹೊರತು ಗೆರೆ ಕೊಯ್ದ ಗಡಿಯಲ್ಲ. ಇನ್ನು ಟ್ರೆಡ್ಡಿನ ದಿಂಡುಗಳಲ್ಲಿ ಬ್ಲೇಡಿನಿಂದ ಸೀಳಿದಂತಹ ನೂರಾರು ಸಣ್ಣ ಸೀಳುಗಳಿರುತ್ತವೆ. ಹಿಮದ ಮೇಲೆ ಓಡುವಾಗ ಹಿಮವು ಈ ಸೀಳು ಮತ್ತು ಕಾಲುವೆಗಳಲ್ಲಿ ತುಂಬಿಕೊಳ್ಳುತ್ತದೆ. ಹಿಮ ಹಿಮವನ್ನು ಚೆನ್ನಾಗಿ ಹಿಡಿಯುತ್ತದೆ. ಆದಕಾರಣ ತುಂಬಿಕೊಂಡ ಹಿಮವೇ ಹಿಡಿತವನ್ನು ಒದಗಿಸುತ್ತದೆ. ಮಂಜುಗಡ್ಡೆಯ ಮೇಲೆ ಹೀಗೆ ತುಂಬಿಕೊಳ್ಳಲು ಏನೂ ಇಲ್ಲ. ಬದಲಾಗಿ ತೆಳುವಾದ ನೀರಿನ ಪೊರೆಯಿದೆ. ಬಹಳ ಕೊರೆಯುವ ಚಳಿಯಲ್ಲಿ ಆ ಪೊರೆ ಕಡಿಮೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿಯೇ ಮಂಜುಗಡ್ಡೆ ಅತಿ ಹೆಚ್ಚು ಜಾರುತ್ತದೆ. ಸೇತುವೆಗೆ ಕೆಳಗಿನಿಂದಲೂ ಗಾಳಿ ತಾಗುವುದರಿಂದ ಅದು ನೆಲದ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತದೆ. ನಮಗೆ ಆದದ್ದು ಇದೇ.

ಅಂಕಿಗಳಲ್ಲಿ ನೋಡೋಣ. 50 ಕಿ.ಮೀ. ವೇಗದಲ್ಲಿ ಬ್ರೇಕು ಹಿಡಿದರೆ, ಒಣ ಡಾಂಬರಿನ ಮೇಲೆ ಘರ್ಷಣಾಂಕ 0.8 ಎಂದಿಟ್ಟುಕೊಂಡರೆ ಕಾರು 12 ಮೀಟರಿನಲ್ಲಿ ನಿಲ್ಲುತ್ತದೆ. ಗಟ್ಟಿ ಹಿಮದ ಮೇಲೆ ಒಳ್ಳೆಯ ಚಳಿಗಾಲದ ಟೈರಿಗೆ 0.3 ಎಂದರೆ 33 ಮೀಟರು. ಮಂಜುಗಡ್ಡೆಯ ಮೇಲೆ 0.1 ಎಂದರೆ 98 ಮೀಟರು. ಚಾಲಕ ಎಚ್ಚೆತ್ತು ಪೆಡಲು ತುಳಿಯುವ ವೇಳೆ ಇದರಲ್ಲಿ ಸೇರಿಲ್ಲ. ಅದೇ ಮಂಜುಗಡ್ಡೆಯ ಮೇಲೆ ವೇಗವನ್ನು 30ಕ್ಕೆ ಇಳಿಸಿದರೆ 35 ಮೀಟರು ಸಾಕು. ಹಣ ಕೊಟ್ಟು ಕೊಳ್ಳುವ ಯಾವ ಟೈರೂ ಬಲಗಾಲನ್ನು ಎತ್ತಿದಷ್ಟು ಲಾಭ ಕೊಡದು. ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ಹರಿಯುವ ದೊಡ್ಡ ಕಾರಿದೆ, ನಮಗೇನು ಭಯ ಎನ್ನುವವರಿದ್ದಾರೆ. ಆ ವ್ಯವಸ್ಥೆ ಕಾರು ಹೊರಡುವುದಕ್ಕೆ ಸಹಾಯಕ. ನಿಲ್ಲುವಾಗ ಮಾರುತಿ 800ಕ್ಕೂ ನಾಲ್ಕೂ ಗಾಲಿಗೆ ಬ್ರೇಕಿದೆ.

ಮಂಜುಗಡ್ಡೆಗೆಂದೇ ಟೈರುಗಳಿಲ್ಲವೆಂದಲ್ಲ. ಫಿನ್‌ಲೆಂಡಿನಲ್ಲಿ 1934ರಲ್ಲಿಯೇ ಚಳಿಗಾಲದ ಟೈರು ತಯಾರಾಯಿತು. ಆ ಕಂಪನಿ ಇಂದಿನ ನೋಕಿಯನ್. ಉತ್ತರ ಯೂರೋಪಿನ ದೇಶಗಳಲ್ಲಿ ಲೋಹದ ಮೊಳೆ ಬಡಿದ ಟೈರುಗಳು ಇಂದಿಗೂ ಓಡುತ್ತವೆ. ಜಪಾನಿನಲ್ಲಿ ಆ ಮೊಳೆಗಳು ರಸ್ತೆಯನ್ನೇ ಕೆರೆದು ಊರೆಲ್ಲ ಧೂಳೆಬ್ಬಿಸಿದ್ದರಿಂದ 1990ರಲ್ಲಿ ಕಾನೂನು ಮಾಡಿ ಅವನ್ನು ನಿರ್ಬಂಧಿಸಿದರು. ಜರ್ಮನಿಯಲ್ಲಿಯೂ ಸಾಮಾನ್ಯ ಬಳಕೆಗೆ ಮೊಳೆಯ ಟೈರಿಗೆ ಅನುಮತಿಯಿಲ್ಲ. ಮೊಳೆಯಿಲ್ಲದ, ಅತಿ ಮೆದುವಾದ ಉತ್ತರ ಯೂರೋಪ್ ಮಾದರಿಯ ಟೈರುಗಳಿವೆ. ಅವು ಮಂಜುಗಡ್ಡೆಯ ಮೇಲೆ ಮೇಲು, ಆದರೆ ಒದ್ದೆ ಡಾಂಬರಿನಲ್ಲಿ, ವೇಗದ ಹೆದ್ದಾರಿಯಲ್ಲಿ ಮಧ್ಯ ಯೂರೋಪಿನ ಮಾದರಿಗಿಂತ ಕೀಳು. ಐರೋಪ್ಯ ಒಕ್ಕೂಟದಲ್ಲಿ 2021ರ ಮೇ 1ರಿಂದ ಜಾರಿಯಾದ ಟೈರಿನ ಚೀಟಿಯಲ್ಲಿ ಹಿಮಕ್ಕೊಂದು, ಮಂಜುಗಡ್ಡೆಗೆ ಇನ್ನೊಂದು ಚಿಹ್ನೆಯನ್ನು ಪ್ರತ್ಯೇಕವಾಗಿ ಕೊಟ್ಟಿರುವುದು ಇದೇ ಕಾರಣದಿಂದ. ನಮ್ಮ ಬಾಡಿಗೆ ಕಾರಿನ ಟೈರು ಹಿಮದ ಮಟ್ಟಿಗೆ ಮಾತ್ರ ಪ್ರಮಾಣಿತವಾದುದು.

ಇನ್ನು ನಿತ್ಯದ ಓಡಾಟ. ಚಳಿಗಾಲದ ಟೈರನ್ನು ಬಿಸಿಲಿನ ದಿನಗಳಲ್ಲಿ ಓಡಿಸಿದರೆ ಮೆದುವಾದ ದಿಂಡುಗಳು ಓಲಾಡುತ್ತವೆ, ಬ್ರೇಕಿನ ದೂರ ಹೆಚ್ಚುತ್ತದೆ, ರಬ್ಬರು ಬೇಗ ಸವೆಯುತ್ತದೆ. ಆದುದರಿಂದಲೇ ಜರ್ಮನರು ಅಕ್ಟೋಬರಿನಿಂದ ಈಸ್ಟರ್ ಹಬ್ಬದವರೆಗೆ ಒಂದು ಜೋಡಣೆ, ಉಳಿದ ಕಾಲಕ್ಕೆ ಇನ್ನೊಂದು ಎಂಬ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. ಎರಡಕ್ಕೂ ಒಂದೇ ಟೈರು ಎಂಬ ಸರ್ವಋತು ಟೈರುಗಳೂ ಈಗ ಸುಧಾರಿಸಿವೆ. 2015ರಲ್ಲಿ ಬಂದ ಮಿಷೆಲಿನ್ ಕಂಪನಿಯ ಕ್ರಾಸ್‌ಕ್ಲೈಮೇಟ್ ಬೆಟ್ಟದ ಗುರುತನ್ನೂ ಪಡೆದಿತ್ತು. ನಮ್ಮ ಅಪೋಲೋ ಟೈರ್ಸ್ 2009ರಲ್ಲಿ ಕೊಂಡುಕೊಂಡ ನೆದರ್‌ಲೆಂಡ್ಸಿನ ವ್ರೆಡೆಸ್ಟೈನ್ ಕೂಡ ಈ ಬಗೆಯ ಟೈರುಗಳಿಗೆ ಹೆಸರಾದುದು.

ಎರಡು ಜೋಡಣೆಯೋ ಒಂದೋ ಎಂದು ಮಿತ್ರರ ಮಗಳು ಕೇಳಿದಳು. ಊಟದ ಮೇಜಿನ ಮೇಲೆಯೇ ಲೆಕ್ಕ ಹಾಕಿದೆವು. ನಮ್ಮ ಶಾಸ್ತ್ರದಲ್ಲಿ ಸವಕಳಿ ಎಂಬ ಮಾತಿದೆ. ಅದು ಟೈರಿಗೆ ಒಪ್ಪುವಷ್ಟು ಬೇರಾವ ಆಸ್ತಿಗೂ ಒಪ್ಪದು. ನಾಲ್ಕು ಬೇಸಿಗೆಯ ಟೈರಿಗೆ 400 ಯೂರೋ, ಚಳಿಗಾಲದ ಅಥವಾ ಸರ್ವಋತು ಟೈರಿಗೆ 440 ಯೂರೋ ಎಂದಿಟ್ಟುಕೊಂಡೆವು. ಎರಡನೆಯ ಜೋಡಣೆ ಎಂದರೆ ಎರಡು ಪಟ್ಟು ಖರ್ಚು ಎಂದು ಜನ ತಿಳಿಯುತ್ತಾರೆ. ಅದು ತಪ್ಪು. ಒಂದು ಓಡುವಾಗ ಇನ್ನೊಂದು ಸವೆಯುವುದಿಲ್ಲ. ನಿಜವಾದ ಹೆಚ್ಚುವರಿ ಖರ್ಚು ಇನ್ನೊಂದು ಜೊತೆ ರಿಮ್ಮು, ವರ್ಷಕ್ಕೆ ಎರಡು ಸಲ ಬದಲಿಸುವ ಕೂಲಿ, ಇಡುವ ಜಾಗದ ಬಾಡಿಗೆ. ಇವಕ್ಕೆಲ್ಲ ವರ್ಷಕ್ಕೆ 140 ಯೂರೋ ಎಂದು ಬರೆದುಕೊಂಡೆವು.

ಇಲ್ಲಿಯೇ ಇನ್ನೊಂದು ಸೂಕ್ಷ್ಮವಿದೆ. ಜರ್ಮನಿಯ ಕಾನೂನಿಗೆ ಟ್ರೆಡ್ಡಿನ ಆಳ 1.6 ಮಿ.ಮೀ. ಇದ್ದರೆ ಸಾಕು. ಆದರೆ 4 ಮಿ.ಮೀ.ಗಿಂತ ಕಡಿಮೆಯಾದರೆ ಹಿಮದ ಮೇಲಿನ ಹಿಡಿತ ಬಹುವಾಗಿ ಕುಗ್ಗುತ್ತದೆ. ಪಕ್ಕದ ಆಸ್ಟ್ರಿಯಾ ಚಳಿಗಾಲದ ರೇಡಿಯಲ್ ಟೈರಿಗೆ 4 ಮಿ.ಮೀ. ಕಡ್ಡಾಯವನ್ನೇ ಮಾಡಿದೆ. ಹೊಸ ಟೈರಿನ ಆಳ ಸುಮಾರು 8 ಮಿ.ಮೀ. ಹೀಗಾಗಿ 40,000 ಕಿ.ಮೀ. ಓಡಬಹುದಾದ ಟೈರು ಹಿಮಕ್ಕೆ ಯೋಗ್ಯವಾಗಿ ಓಡುವುದು 25,000 ಕಿ.ಮೀ. ಮಾತ್ರ. ಬೆಟ್ಟದ ಗುರುತು ಕೊಟ್ಟದ್ದು ಹೊಸ ಟೈರಿಗೆ. ಟ್ರೆಡ್ಡು ಸವೆದರೂ ಪಕ್ಕದಲ್ಲಿ ಅಚ್ಚಾದ ಗುರುತು ಸವೆಯುವುದಿಲ್ಲ. ವರ್ಷವಿಡೀ ಓಡಿದ ಸರ್ವಋತು ಟೈರು ಎರಡನೆಯ ಅಥವಾ ಮೂರನೆಯ ಚಳಿಗಾಲದ ವೇಳೆಗೆ ಬರಿಯ ಕಾಗದದ ಮೇಲಿನ ಚಳಿಗಾಲದ ಟೈರಾಗಿರಬಹುದು. ಮಾರ್ಚಿ 31ರಂದು ಸರಿಯಿದ್ದ ಆಸ್ತಿ-ಹೊಣೆ ಪಟ್ಟಿಯನ್ನು ಮರುವರ್ಷ ದೀಪಾವಳಿಯಲ್ಲಿ ತೋರಿಸಿ ಸಾಲ ಕೇಳಿದಂತೆ.

ಈ 4 ಮಿ.ಮೀ. ನಿಯಮವನ್ನು ಪಾಲಿಸಿದರೆ, ವರ್ಷಕ್ಕೆ 16,000 ಕಿ.ಮೀ. ಓಡಿಸುವವನಿಗೆ ಎರಡು ಜೋಡಣೆಗೆ ಸುಮಾರು 360 ಯೂರೋ, ಸರ್ವಋತು ಟೈರಿಗೆ 280 ಯೂರೋ. ಉಳಿತಾಯ 80 ಯೂರೋ ಮಾತ್ರ. ಬ್ಲ್ಯಾಕ್ ಫಾರೆಸ್ಟಿನ ಘಟ್ಟಗಳಲ್ಲಿ ಆಗಾಗ ಓಡಾಡುವವನು ಅಷ್ಟಕ್ಕಾಗಿ ಹಿಡಿತವನ್ನು ಬಿಟ್ಟುಕೊಡುವುದು ಜಾಣತನವಲ್ಲ. ಆದರೆ ಆ ಹುಡುಗಿ ಕಚೇರಿಗೆ ರೈಲಿನಲ್ಲಿ ಹೋಗುವವಳು, ಕಾರು ವರ್ಷಕ್ಕೆ 6,000 ಕಿ.ಮೀ. ಓಡಿದರೆ ಹೆಚ್ಚು. ಎರಡು ಜೋಡಣೆಯಿಟ್ಟರೆ ಒಂದೊಂದೂ ವರ್ಷಕ್ಕೆ 3,000 ಕಿ.ಮೀ. ಓಡುತ್ತದೆ. ಎಂಟು ವರ್ಷಕ್ಕೆ ರಬ್ಬರು ಮುದಿಯಾಗಿ ಎಸೆಯುವಾಗ ಬೇಸಿಗೆಯ ಟೈರಿನಲ್ಲಿ ಇನ್ನೂ 16,000 ಕಿ.ಮೀ. ಓಟ ಉಳಿದಿರುತ್ತದೆ. ಬಳಕೆಯಿಂದ ಆಗುವ ಸವಕಳಿ ಬೇರೆ, ಕಾಲದಿಂದ ಆಗುವ ಸವಕಳಿ ಬೇರೆ. ಅವಳಿಗೆ ಎರಡು ಜೋಡಣೆ ವರ್ಷಕ್ಕೆ 245 ಯೂರೋ, ಸರ್ವಋತು 105 ಯೂರೋ. ಹಿಮ ಬಿದ್ದ ದಿನ ಕಾರು ತೆಗೆಯದೆ ಇರುವ ಅನುಕೂಲವೂ ಅವಳಿಗಿದೆ. ಬೆಟ್ಟದ ಗುರುತಿನ ಸರ್ವಋತು ಟೈರನ್ನೇ ಹಾಕಿಸು, ನಾಲ್ಕು ವರ್ಷಕ್ಕೆ ಬದಲಿಸು ಎಂದೆ. ಟೈರಿನ ಮೇಲೆ '3523' ಎಂದು ಅಂಕಿಯಿದ್ದರೆ 2023ರ 35ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಕೊಳ್ಳುವಾಗ ಅದನ್ನೂ ನೋಡಿಕೊಳ್ಳಲು ಹೇಳಿದೆ.

ಕಾನೂನಿನ ವಿಷಯ ಚಿಕ್ಕದಾಗಿ. ಜರ್ಮನಿಯಲ್ಲಿ ದಿನಾಂಕವಿಲ್ಲ, ಹಿಮ ಅಥವಾ ಮಂಜುಗಡ್ಡೆ ರಸ್ತೆಯಲ್ಲಿದ್ದರೆ ಯೋಗ್ಯ ಟೈರಿರಬೇಕು. ತಪ್ಪಿದರೆ ಚಾಲಕನಿಗೆ 60 ಯೂರೋ ದಂಡ ಮತ್ತು ಒಂದು ಅಂಕ. ಬಾಡಿಗೆ ಕಾರಾದರೂ ಸ್ಟೀರಿಂಗ್ ಹಿಡಿದವನೇ ಹೊಣೆ. ಬೇಸಿಗೆಯ ಟೈರಿನಲ್ಲಿ ಅಪಘಾತವಾದರೆ ಸ್ವಂತ ಕಾರಿನ ವಿಮೆಯ ಮೊತ್ತವನ್ನು ನಿರ್ಲಕ್ಷ್ಯದ ಕಾರಣ ಕೊಟ್ಟು ಕಡಿತಮಾಡಬಹುದು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಮಾತ್ರ ದಿನಾಂಕವೇ ನಿಗದಿ: 2008ರಿಂದ ಚಳಿಗಾಲದ ಟೈರು ಕಡ್ಡಾಯ, 2019ರಿಂದ ಅದರ ಅವಧಿ ಡಿಸೆಂಬರ್ 1ರಿಂದ ಮಾರ್ಚಿ 15. ಅಲ್ಲಿ ಮಕ್ಕಳಿರುವವರು ಮೇಲಿನ ಉಳಿತಾಯದ ಲೆಕ್ಕವನ್ನು ಅವರಿಗೆ ಕಳುಹಿಸಬಾರದು. ತಿಂಗಳುಗಟ್ಟಲೆ ಹೆಪ್ಪುಗಟ್ಟುವ ಆ ಚಳಿಗೆ ಪ್ರತ್ಯೇಕ ಜೋಡಣೆಯೇ ಸರಿ.

ನನ್ನ ಮಿತ್ರರು ಬರುವ ಫೆಬ್ರವರಿಯಲ್ಲಿ ಮತ್ತೆ ಫ್ರಾಯ್ಡನ್‌ಸ್ಟಾಟಿಗೆ ಹೋಗುವವರಿದ್ದಾರೆ. ಬಾಡಿಗೆ ಸಂಸ್ಥೆಗೆ ಬರೆದ ಪತ್ರದಲ್ಲಿ ಟ್ರೆಡ್ಡಿನ ಆಳ ಎಷ್ಟಿದೆಯೆಂದು ತಿಳಿಸುವಂತೆ ಕೇಳಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಹಿಂದಿನ ದಿನವೇ ಕಾರ್ಖಾನೆಯ ಊರನ್ನು ಮುಟ್ಟಿ, ಬೆಳಗಿನ ಭೇಟಿಯನ್ನು ಹನ್ನೊಂದು ಗಂಟೆಗೆ ಇಟ್ಟುಕೊಂಡಿದ್ದಾರೆ.