ಓಡೋಕೆ ಕಾಲು ಸಾಕು, ತಲೆ ಬೇಡ ಅಂದವರಿಗೆ



ಅಮೆರಿಕದ ಲೂಸಿಯಾನಾ ರಾಜ್ಯ ಗುಲಾಮರ ಬೆವರು ಕುಡಿದ ಹತ್ತಿಯ ನೆಲ. ಅಲ್ಲಿನ ಗ್ರ್ಯಾಂಬ್ಲಿಂಗ್ ಅನ್ನೋ ಪುಟ್ಟ ಊರಲ್ಲಿ 1901ರಲ್ಲಿ ಕಪ್ಪು ಜನರ ಮಕ್ಕಳಿಗಾಗಿ ಒಂದು ಶಾಲೆ ಹುಟ್ಟಿತು. ಬೆಳೆದು ಕಾಲೇಜಾಯಿತು. ಅದರ ಫುಟ್‌ಬಾಲ್ ತಂಡದ ಚರಿತ್ರೆಯನ್ನು ಹಾಸ್ಟೆಲ್ಲಿನ ನಾವು ಓದಲೇಬೇಕು.

ಇದು ನಮ್ಮಲ್ಲಿ ಕಾಲಲ್ಲಿ ಒದೆಯೋ ಆಟವಲ್ಲ. ಚೆಂಡನ್ನು ಕೈಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗೋ ಆಟ. 1941ರಲ್ಲಿ ಅಲ್ಲಿಗೆ ಕೋಚ್ ಆಗಿ ಬಂದವರು 22 ವರ್ಷದ ಎಡ್ಡಿ ರಾಬಿನ್ಸನ್. ತಾಯಿ ಮನೆಗೆಲಸ ಮಾಡಿ ಬದುಕಿದಾಕೆ. ಮೈದಾನದ ಹುಲ್ಲು ಕತ್ತರಿಸೋರೂ ಅವರೇ, ಗೆರೆ ಎಳೆಯೋರೂ ಅವರೇ. ಪರ ಊರಿಗೆ ಆಡೋಕೆ ಹೊರಟರೆ ಬುತ್ತಿ ಕಟ್ಟಿಕೊಂಡೇ ಹೋಗಬೇಕು. ದಾರಿಯ ಹೋಟೆಲುಗಳು ಬಿಳಿಯರಿಗೆ ಮಾತ್ರ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1942ರಲ್ಲಿ ಆ ತಂಡ ಆಡಿದ 9 ಆಟವನ್ನೂ ಗೆದ್ದಿತು. ಎದುರಾಳಿಗೆ ಒಂದೇ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ!

ರಾಬಿನ್ಸನ್ ಬೆಳಿಗ್ಗೆ ದನದ ಗಂಟೆ ಬಾರಿಸುತ್ತಾ ಹಾಸ್ಟೆಲ್ಲಿಗೆ ಬರುತ್ತಿದ್ದರು. ಏಳ್ರೋ, ಕ್ಲಾಸಿಗೆ ನಡೀರಿ ಅಂತ. ಆಟಕ್ಕಲ್ಲ, ಕ್ಲಾಸಿಗೆ!

ಈ ಆಟದಲ್ಲಿ ಯೋಚಿಸಿ ತಂಡ ನಡೆಸುವವನು ಕ್ವಾರ್ಟರ್‌ಬ್ಯಾಕ್. ಕಪ್ಪು ಹುಡುಗ ಓಡಬಲ್ಲ, ಗುದ್ದಬಲ್ಲ, ಯೋಚಿಸಲಾರ ಅಂತ ದುಡ್ಡಿನ ಲೀಗಿನವರು ಆ ಜಾಗ ಕೊಡುತ್ತಿರಲಿಲ್ಲ. ಮೈ ನಿಮ್ಮದು, ಬುದ್ಧಿ ನಮ್ಮದು ಅನ್ನೋ ಹಳೇ ರಾಗ ನಾವೂ ಕೇಳಿದ್ದೇವೆ. ಗ್ರ್ಯಾಂಬ್ಲಿಂಗ್ ಹುಡುಗರು ಅದನ್ನು ಮುರಿದರು. 1969ರಲ್ಲಿ ಜೇಮ್ಸ್ ಹ್ಯಾರಿಸ್ ಬಫಲೋ ತಂಡದಲ್ಲಿ ವರ್ಷದ ಮೊದಲ ಆಟಕ್ಕೇ ಆ ಜಾಗದಲ್ಲಿ ನಿಂತರು. 1988ರ ಜನವರಿಯಲ್ಲಿ ಡಗ್ ವಿಲಿಯಮ್ಸ್ ಲೀಗಿನ ಕೊನೆಯ ದೊಡ್ಡ ಪಂದ್ಯದಲ್ಲಿ ವಾಷಿಂಗ್ಟನ್ ತಂಡವನ್ನು 42-10ರಿಂದ ಗೆಲ್ಲಿಸಿದರು. ಕ್ವಾರ್ಟರ್‌ಬ್ಯಾಕ್ ಆಗಿ ಆ ಪಂದ್ಯ ಗೆಲ್ಲಿಸಿದ ಮೊದಲ ಕಪ್ಪು ಆಟಗಾರ ಅವರೇ. ರಾಬಿನ್ಸನ್ 1997ರಲ್ಲಿ ನಿವೃತ್ತರಾದಾಗ ಗೆದ್ದ ಆಟಗಳು 408.

ಇಷ್ಟಕ್ಕೇ ಚಪ್ಪಾಳೆ ತಟ್ಟಿ ಎದ್ದುಹೋದರೆ ನಾವು ಮೋಸಹೋದಂತೆ. ಬಿಳಿಯರ ದೊಡ್ಡ ಕಾಲೇಜುಗಳು ತಡವಾಗಿ ಬಾಗಿಲು ತೆರೆದವು. ಒಳ್ಳೊಳ್ಳೇ ಕಪ್ಪು ಆಟಗಾರರನ್ನು ಆರಿಸಿಕೊಂಡವು. ದುಡ್ಡು ಅಲ್ಲೇ ಉಳಿಯಿತು. ಇತ್ತ ಗ್ರ್ಯಾಂಬ್ಲಿಂಗಿಗೆ ಸರಕಾರ ಅನುದಾನ ಕಡಿಯುತ್ತಾ ಹೋಯಿತು. 2013ರ ಅಕ್ಟೋಬರಿನಲ್ಲಿ ಆ ತಂಡದ ಹುಡುಗರು ಆಟಕ್ಕೆ ಹೋಗಲ್ಲ ಅಂತ ಕೂತುಬಿಟ್ಟರು. ತಮ್ಮ ಆಟದ ಕಟ್ಟಡದಲ್ಲಿ ಬೂಷ್ಟು, ದೂರದ ಊರಿಗೆ ರಾತ್ರಿಯೆಲ್ಲಾ ಬಸ್ಸು ಅಂತ ಪತ್ರ ಬರೆದರು. ಜ್ಯಾಕ್ಸನ್ ಸ್ಟೇಟ್ ಕಾಲೇಜಿನೊಡನೆ ಆಡಬೇಕಿದ್ದ ಪಂದ್ಯ ನಡೆಯಲೇ ಇಲ್ಲ.

ಹುಡುಗರು ಪರಂಪರೆಗೆ ಮಸಿ ಬಳಿದರು ಅನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಗೋಡೆಯ ಮೇಲಿನ ಫೋಟೋ ಚರಿತ್ರೆಯಾದರೆ, ಅದೇ ಗೋಡೆಯ ಬೂಷ್ಟೂ ಚರಿತ್ರೆಯೇ. ನಮ್ಮಲ್ಲಿ ಒಬ್ಬನನ್ನು ಹೊಗಳಿ, ಅವನನ್ನು ಸಾಕಿದ ಮನೆಯನ್ನು ಹಾಳುಬಿಡುವವರ ಹೊಗಳಿಕೆ ನಮಗೆ ಬೇಡ. 408 ಗೆಲುವುಗಳ ಪಕ್ಕದಲ್ಲಿ ಆಡದೇ ಉಳಿದ ಆ ಒಂದು ಆಟವನ್ನೂ ಬರೆದುಕೊಳ್ಳಿ. ಅದೂ ತಲೆ ಇದ್ದವರು ಆಡಿದ ಆಟವೇ.