ಛೇದ ತಪ್ಪಿದ ಲಸಿಕಾ ಲೆಕ್ಕ: ಹಿಂಜವಾಡಿ ಎತ್ತುವ ಪ್ರಶ್ನೆ

ಲಸಿಕಾ ಅಭಿಯಾನವೊಂದರ ಸೋಲು ಗೆಲುವು ಬಹುಮಟ್ಟಿಗೆ ನಿರ್ಧಾರವಾಗುವುದು ಲಸಿಕೆ ಹಾಕುವ ದಿನವಲ್ಲ; ಒಂದು ಪ್ರದೇಶದಲ್ಲಿ ಇಷ್ಟು ಜನರಿದ್ದಾರೆ, ಅವರಲ್ಲಿ ಇಷ್ಟು ಮಕ್ಕಳಿದ್ದಾರೆ ಎಂಬ ಅಂಕಿಅಂಶಕ್ಕೆ ಅನುಮೋದನೆಯ ಸಹಿ ಬೀಳುವ ದಿನ. ಎಷ್ಟು ಡೋಸುಗಳು, ಎಷ್ಟು ಬೂತುಗಳು, ಎಷ್ಟು ತಂಡಗಳು ಬೇಕೆಂಬುದನ್ನು ಬೀದಿಬೀದಿಯ ಮಟ್ಟದಲ್ಲಿ ಬರೆದಿಡುವ ಸೂಕ್ಷ್ಮ ಕ್ರಿಯಾಯೋಜನೆಗೆ ಆ ಸಂಖ್ಯೆಯೇ ತಳಹದಿಯಾಗಿರುವುದರಿಂದ, ಅದು ತಪ್ಪಿದರೆ ಉಳಿದೆಲ್ಲವೂ ಕ್ರಮಬದ್ಧವಾಗಿಯೇ ತಪ್ಪುತ್ತದೆ.

ಪುಣೆ ಜಿಲ್ಲೆಯ ಹಿಂಜವಾಡಿ ಈ ಅಪಾಯಕ್ಕೆ ಸ್ಪಷ್ಟ ನಿದರ್ಶನ. ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕಿನಿಂದ ದೇಶಕ್ಕೆಲ್ಲ ಪರಿಚಿತವಾದ ಈ ಊರು ಆಡಳಿತದ ಕಡತಗಳಲ್ಲಿ ಮುಳಶಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ. ಅದಕ್ಕೆ ಅಂಟಿಕೊಂಡಿರುವ ವಾಕಡ್ ಮಾತ್ರ ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆಗೆ ಸೇರಿದ್ದು. ಬಯಲುಸೀಮೆಯ ಗ್ರಾಮೀಣ ಪ್ರದೇಶಗಳಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,000 ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ ಎಂಬುದು ರಾಷ್ಟ್ರೀಯ ಮಾನದಂಡವಾಗಿದ್ದರೂ, 2021ರ ಜನಗಣತಿ ನಡೆಯದ ಕಾರಣ ಆ ‘ಜನ’ ಎಂಬುದು ಇಂದಿಗೂ 2011ರ ಗಣತಿಯನ್ನೇ ಆಧರಿಸಿದ ಅಂದಾಜು. ಆರೋಗ್ಯ ಸಚಿವಾಲಯದ ತಾಂತ್ರಿಕ ತಂಡ 2020ರಲ್ಲಿ ಪ್ರಕಟಿಸಿದ, 2036ರವರೆಗಿನ ಮುನ್ನಂದಾಜು ರಾಜ್ಯಗಳ ಮಟ್ಟದ್ದೇ ಹೊರತು ಹಳ್ಳಿಗಳದ್ದಲ್ಲ. ರಾಜ್ಯದ ಸರಾಸರಿಯನ್ನು ಇಂಥ ಊರಿಗೆ ಅನ್ವಯಿಸಿದರೆ ಆಗುವ ಪ್ರಮಾದವನ್ನು ನೆರೆಯ ಪಿಂಪ್ರಿ-ಚಿಂಚವಾಡವೇ ತೋರಿಸುತ್ತದೆ: 2001ರಿಂದ 2011ರ ನಡುವೆ ಮಹಾರಾಷ್ಟ್ರದ ಜನಸಂಖ್ಯೆ ಸುಮಾರು ಶೇ 16ರಷ್ಟು ಬೆಳೆದರೆ, ಆ ನಗರ ಸುಮಾರು 10 ಲಕ್ಷದಿಂದ 17 ಲಕ್ಷಕ್ಕೆ ಏರಿತು.

ಲಸಿಕಾ ವ್ಯಾಪ್ತಿ ಎಂದರೆ ಹಾಕಿದ ಡೋಸುಗಳನ್ನು ಗುರಿಯ ಸಂಖ್ಯೆಯಿಂದ ಭಾಗಿಸಿ ಪಡೆಯುವ ಶೇಕಡಾವಾರು. ಆ ಗುರಿಯ ಸಂಖ್ಯೆಯೇ ಇಲ್ಲಿನ ಛೇದ. ಒಂದು ಊರಿನಲ್ಲಿ 160 ಮಕ್ಕಳಿದ್ದು, ಅನುಮೋದಿತ ಪಟ್ಟಿಯಲ್ಲಿ 100 ಎಂದಿದೆ ಎಂದುಕೊಂಡರೆ, 110 ಮಕ್ಕಳಿಗೆ ಲಸಿಕೆ ಹಾಕಿದಾಗ ಸಾಧನೆ ಶೇ 110 ಎಂದು ದಾಖಲಾಗುತ್ತದೆ, ತಪ್ಪಿಹೋದ 50 ಮಕ್ಕಳು ಯಾವ ಕಾಗದದಲ್ಲೂ ಕಾಣುವುದಿಲ್ಲ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಪುಣೆಯ ಕಟ್ಟಡ ಕಾಮಗಾರಿಗಳಿಗೆ ದುಡಿಯಲು ಹೋಗುವ ಕುಟುಂಬಗಳ ಮಕ್ಕಳು ಹೀಗೆ ಎರಡು ಕಡೆಯೂ ಲೆಕ್ಕ ಕೆಡಿಸುತ್ತಾರೆ: ತವರಿನ ಪಟ್ಟಿಯಲ್ಲಿ ಹೆಸರು ಉಳಿದು ಅಲ್ಲಿನ ಸಾಧನೆ ಕಡಿಮೆಯೆಂದು ಕಾಣುತ್ತದೆ, ದುಡಿಯುವ ಊರಿನ ಪಟ್ಟಿಯಲ್ಲಿ ಹೆಸರೇ ಇಲ್ಲದೆ ಅಲ್ಲಿನ ಸಾಧನೆ ಹೆಚ್ಚೆಂದು ಕಾಣುತ್ತದೆ. ದಡಾರ-ರುಬೆಲ್ಲಾ ಅಭಿಯಾನ ಕರ್ನಾಟಕದಲ್ಲಿ 2017ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದಲ್ಲಿ 2018ರ ನವೆಂಬರಿನಲ್ಲಿ ಆರಂಭವಾಯಿತು. ಈ ನಡುವೆ ಗಡಿ ದಾಟಿ ಅತ್ತಿತ್ತ ಓಡಾಡಿದ ಮಗು ಯಾರ ಗುರಿಗೆ ಸೇರಿದ್ದು ಎಂಬ ಪ್ರಶ್ನೆಗೆ ರಾಜ್ಯವಾರು ಲೆಕ್ಕದಲ್ಲಿ ಉತ್ತರವಿಲ್ಲ.

ಮುನ್ನಂದಾಜಿನ ಸಮರ್ಥಕರು ಮಂಡಿಸುವ ವಾದದಲ್ಲಿ ಹುರುಳಿಲ್ಲದಿಲ್ಲ. ಎಲ್ಲ ಜಿಲ್ಲೆಗಳಿಗೂ ಒಂದೇ ಅಳತೆಗೋಲು ಇದ್ದರೆ ಮಾತ್ರ ಹೋಲಿಕೆ ಸಾಧ್ಯ, ತಳಮಟ್ಟದ ತಲೆಎಣಿಕೆಯನ್ನೇ ನಂಬಿದರೆ ಹೆಚ್ಚು ಡೋಸು ಪಡೆಯಲು ಸಂಖ್ಯೆ ಉಬ್ಬಿಸುವವರೂ, ಹೆಚ್ಚು ಸಾಧನೆ ತೋರಿಸಲು ಕುಗ್ಗಿಸುವವರೂ ಹುಟ್ಟಿಕೊಳ್ಳುತ್ತಾರೆ ಎಂಬುದು ಆ ವಾದ. ಆದರೆ ಈ ಆತಂಕ ಎಣಿಕೆಯ ಮೇಲೆ ಹೊರಗಿನವರ ತಪಾಸಣೆ ಬೇಕೆಂಬುದನ್ನು ಸಾಧಿಸುತ್ತದೆಯೇ ವಿನಾ ಎಣಿಕೆಯನ್ನೇ ಕೈಬಿಡಬೇಕೆಂಬುದನ್ನಲ್ಲ. ಪೋಲಿಯೊ ನಿರ್ಮೂಲನೆ ಇದಕ್ಕೆ ಸಾಕ್ಷಿ. ಇಟ್ಟಿಗೆ ಭಟ್ಟಿ, ಕಾಮಗಾರಿ ಶಿಬಿರ, ಅಲೆಮಾರಿಗಳ ಬೀಡುಗಳನ್ನು ಪ್ರತ್ಯೇಕವಾಗಿ ಪಟ್ಟಿ ಮಾಡಿ, ಮನೆಮನೆಯ ಗೋಡೆಯ ಮೇಲೆ ಗುರುತು ಹಾಕಿ, ತಂಡಗಳು ಹೋದ ಮೇಲೆ ಸ್ವತಂತ್ರ ಪರಿವೀಕ್ಷಕರಿಂದ ಮರುತಪಾಸಣೆ ಮಾಡಿಸಿದ ಆ ಕಾರ್ಯಕ್ರಮದಲ್ಲಿ, 2011ರ ಜನವರಿಯ ನಂತರ ದೇಶದಲ್ಲಿ ವೈಲ್ಡ್ ಪೋಲಿಯೊ ಪ್ರಕರಣ ವರದಿಯಾಗಲಿಲ್ಲ, 2014ರ ಮಾರ್ಚ್ 27ರಂದು ಆಗ್ನೇಯ ಏಷ್ಯಾ ವಲಯದ ಜೊತೆಗೆ ಭಾರತಕ್ಕೂ ಪೋಲಿಯೊಮುಕ್ತ ಪ್ರಮಾಣಪತ್ರ ದೊರೆಯಿತು.

ಹಿಂಜವಾಡಿಯನ್ನು ಮಹಾನಗರಪಾಲಿಕೆಗೆ ಸೇರಿಸಬೇಕೇ ಬೇಡವೇ ಎಂಬ ವಿವಾದದಲ್ಲಿ ರಸ್ತೆ, ಚರಂಡಿ, ವಾಹನ ದಟ್ಟಣೆಗಳೇ ಮುಂದಿದ್ದು, ಜನಸಂಖ್ಯೆಯ ಈ ಪ್ರಶ್ನೆ ಹಿಂದೆ ಸರಿದಿದೆ. ವಿಲೀನದಿಂದ ಕಚೇರಿಯ ಫಲಕ ಬದಲಾದೀತು. ಹಳೆಯ ಅಂದಾಜನ್ನೇ ಹೊಸ ಕಚೇರಿಯೂ ಅನುಮೋದಿಸಿದರೆ ಶಿಬಿರದ ಮಗುವಿಗೆ ಅದರಿಂದ ಏನೂ ಆಗದು. 2027ರ ಜನಗಣತಿಯೂ ಪೂರ್ಣ ಪರಿಹಾರವಲ್ಲ, ಏಕೆಂದರೆ ಅದು ಮಾರ್ಚ್ 1ನ್ನು ಉಲ್ಲೇಖ ದಿನಾಂಕವಾಗಿ ಇಟ್ಟುಕೊಳ್ಳುವ ಎಣಿಕೆ. ಕಟ್ಟಡ ಮುಗಿದೊಡನೆ ಕಾರ್ಮಿಕರ ಶಿಬಿರ ಬೇರೆಡೆಗೆ ಹೋಗುತ್ತದೆ.

ಆದ್ದರಿಂದ ಬದಲಾಗಬೇಕಾದದ್ದು ಅನುಮೋದನೆಯ ಪದ್ಧತಿ. ಸಾಧನೆಯ ಶೇಕಡಾವಾರಿಗೆ ಉತ್ತರದಾಯಿಯಾದ ಆರೋಗ್ಯ ಇಲಾಖೆಯೇ ಅದರ ಛೇದವನ್ನೂ ತಾನೇ ಅಂತಿಮಗೊಳಿಸುವುದು ನಿಲ್ಲಬೇಕು. ಪ್ರತಿ ಅಭಿಯಾನಕ್ಕೆ ಮೊದಲು ತಲೆಎಣಿಕೆ ನಡೆದು, ಬಡಾವಣೆ ಮತ್ತು ಶಿಬಿರವಾರು ಒಟ್ಟು ಸಂಖ್ಯೆಗಳನ್ನು, ಯಾರ ಹೆಸರನ್ನೂ ಬಹಿರಂಗಪಡಿಸದೆ, ಗ್ರಾಮಸಭೆಯ ಮುಂದಿಡಬೇಕು. ಗುತ್ತಿಗೆದಾರರು ತಮ್ಮ ಶಿಬಿರಗಳ ಮಕ್ಕಳ ಸಂಖ್ಯೆ ಕೊಡುವುದು ಕಡ್ಡಾಯವಾಗಬೇಕು. ಮುನ್ನಂದಾಜಿಗೂ ಎಣಿಕೆಗೂ ದೊಡ್ಡ ಅಂತರ ಕಂಡರೆ ಹೊರಗಿನ ತಂಡವೊಂದು ಪರಿಶೀಲಿಸಿದ ನಂತರವೇ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಕಾರ್ಯಪಡೆ ಸಹಿ ಹಾಕಬೇಕು. ಕರ್ನಾಟಕ ಮತ್ತು ಮಹಾರಾಷ್ಟ್ರದ ಆರೋಗ್ಯ ಇಲಾಖೆಗಳು ವಲಸೆ ಮಕ್ಕಳ ದಾಖಲೆಗಳನ್ನು ಪರಸ್ಪರ ಹಂಚಿಕೊಳ್ಳಬೇಕು. ಇಷ್ಟೂ ಆಗುವವರೆಗೆ ನೂರು ದಾಟಿದ ಶೇಕಡಾವಾರನ್ನು ಸಾಧನೆಯೆಂದು ಪ್ರಕಟಿಸದೆ, ಛೇದ ತಪ್ಪಿದೆ ಎಂಬುದರ ಸೂಚನೆಯೆಂದೇ ಪರಿಗಣಿಸುವುದು ಪ್ರಾಮಾಣಿಕ ಆಡಳಿತದ ಕನಿಷ್ಠ ಕರ್ತವ್ಯ.